ಮಕ್ಕಳಿಗಿ ಬಿಟ್ಟು ಹ್ಯಾಂಗ ಹೋದ್ರಿ?

"ವೈನಿ, ಮಕ್ಕಳಿಗಿ ಬಿಟ್ಟು ಹ್ಯಾಂಗ ಹೋದ್ರಿ? ಜೀವಾ ತಡೀತದೇನು ನಿಮಗ?"

ಕಲಬುರಗಿಯ ನಮ್ಮ ಓಣಿಯಲ್ಲಿ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ, ಕಿರಾಣಿ ಅಂಗಡಿಯ ಕಟ್ಟೆ ಮೇಲೆ, ಎಲ್ಲಿ ಸಿಕ್ಕರೂ ಇದೇ ಪ್ರಶ್ನೆ. ಬಾಯಿಂದ ಹೇಳಿ ಸಾಕಾಗಿದೆ. ಬರೆದು ಇಡುತ್ತೇನೆ, ಮುಂದೆ ಕೇಳಿದವರ ಮೊಬೈಲಿಗೆ ಇದನ್ನೇ ಕಳಿಸುವುದು.

ವಿಷಯ ಇಷ್ಟು. ನಮ್ಮಿಬ್ಬರ ನೌಕರಿಯೂ ಈಗ ಪುಣೆಯಲ್ಲಿ. ಮಗಳಿಗೆ 19, ಕಲಬುರಗಿಯಲ್ಲೇ ಡಿಗ್ರಿ ಓದುತ್ತಾಳೆ. ಮಗನಿಗೆ 17, ಪಿಯುಸಿ ಎರಡನೇ ವರ್ಷ. ಇಬ್ಬರೂ ನಮ್ಮ ಸ್ವಂತ ಮನೆಯಲ್ಲೇ ಇದ್ದಾರೆ. ಮಕ್ಕಳ ಸೋದರತ್ತೆಯ ಮನೆ ಎರಡು ಓಣಿ ಆಚೆ. ಹ್ಯಾಂಗ ಹೋದ್ರಿ ಅಂದರೆ ರೈಲಿನಲ್ಲಿ ಹೋದೆವು. ಉದ್ಯಾನ್ ಎಕ್ಸ್‌ಪ್ರೆಸ್, ಸ್ಲೀಪರ್.

ಪ್ರಶ್ನೆಗಿಂತ ಅದನ್ನು ಕೇಳುವ ಧಾಟಿ ಮೈ ಉರಿಸುತ್ತದೆ. ಕೇಳುವವರ ಮನೆಯ ಹುಡುಗ ಹತ್ತನೇ ತರಗತಿ ಮುಗಿದ ಕೂಡಲೇ ಮೂಡಬಿದಿರೆಯ ಹಾಸ್ಟೆಲ್ಲಿಗೆ ಹೋಗಿರುತ್ತಾನೆ. ಹದಿನಾರರ ಹುಡುಗ, ರಾಜ್ಯದ ಇನ್ನೊಂದು ತುದಿ, ಗೊತ್ತಿಲ್ಲದ ಊಟ, ಒಂದು ಕೋಣೆಗೆ ನಾಲ್ಕು ಜನ. ಅದಕ್ಕೆ ಓಣಿಗೆಲ್ಲ ಪೇಢೆ ಹಂಚಿದ್ದರು. ನನ್ನ ಮಗ ಅವನ ಮಂಚದ ಮೇಲೆ, ಅವನ ಅಕ್ಕನ ಪಕ್ಕದ ಕೋಣೆಯಲ್ಲಿ ಮಲಗುತ್ತಾನೆ. ಇದಕ್ಕೆ ಮಾತ್ರ ಸಂತಾಪ. ಮಕ್ಕಳು ಮನೆ ಬಿಟ್ಟರೆ ಸಾಧನೆ, ತಾಯಿ ಮನೆ ಬಿಟ್ಟರೆ ಅಪರಾಧ.

ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಡಬ್ಬಿಗೆ ಒಮ್ಮೆ ಹೋಗಿ ನೋಡಿ. ಯಾದಗಿರಿ, ಆಳಂದ, ಅಫಜಲಪುರದ ಕಡೆಯವರು ಪುಣೆ-ಮುಂಬೈ ಕಟ್ಟಡದ ಕೆಲಸಕ್ಕೆ ಗುಳೆ ಹೊರಟಿರುತ್ತಾರೆ. ಸಾಲಿಗೆ ಹೋಗುವ ಮಕ್ಕಳು ಊರಲ್ಲಿ ಅಜ್ಜಿ ಹತ್ತಿರ. ಅವರಿಗೆ ಜೀವ ತಡೆಯುತ್ತದೋ ಇಲ್ಲವೋ ಯಾರೂ ಕೇಳಿಲ್ಲ. ಸೌದಿ, ದುಬೈಗೆ ಹೋದ ಅಪ್ಪಂದಿರನ್ನೂ ಕೇಳಿಲ್ಲ. ನನ್ನ ಗಂಡನೂ ನನ್ನ ಜೊತೆಗೇ, ಅದೇ ರೈಲಿನಲ್ಲಿ, ಪಕ್ಕದ ಬರ್ತಿನಲ್ಲೇ ಹೋದದ್ದು. ಅವರಿಗೆ ಸಿಕ್ಕ ಪ್ರಶ್ನೆ: "ಪುಣೆದಾಗ ಮನಿ ಬಾಡಗಿ ಎಷ್ಟದ ರೀ?"

ಸ್ವಲ್ಪ ಓದಿದವರದು ಎರಡನೇ ಪ್ರಶ್ನೆ. "ಹುಡುಗಗ ಅಲ್ಲೇ ಕಾಲೇಜಿಗಿ ಹಾಕಬೇಕಿತ್ತಲ್ಲ?" ಇದಕ್ಕೆ ಮರ್ಯಾದೆಯಿಂದಲೇ ಉತ್ತರಿಸಬಹುದು, ಯಾಕೆಂದರೆ ಇದರಲ್ಲಿ ನಿಜವಾಗಿ ಲೆಕ್ಕ ಹಾಕುವುದಿದೆ. ಪಿಯು ಮೊದಲ ವರ್ಷ ಕರ್ನಾಟಕದಲ್ಲಿ, ಎರಡನೆಯದು ಮಹಾರಾಷ್ಟ್ರ ಬೋರ್ಡಿನಲ್ಲಿ ಅಂದರೆ ಪುಸ್ತಕ ಬೇರೆ, ಅಧ್ಯಾಯಗಳ ಕ್ರಮ ಬೇರೆ, ಪ್ರವೇಶ ಪರೀಕ್ಷೆಯೂ ಬೇರೆ. ಅಲ್ಲಿಯ ಸಿಇಟಿಯಲ್ಲಿ ಹನ್ನೊಂದನೇ ತರಗತಿಯ ಪಠ್ಯಕ್ಕೆ ಶೇ. 20 ಪಾಲಿದೆ, ಮತ್ತು ಅದು ಅವರ ಬೋರ್ಡಿನ ಹನ್ನೊಂದನೇ ತರಗತಿ. ನಮ್ಮಲ್ಲಿ ಎಂಜಿನಿಯರಿಂಗ್ ರ್‍ಯಾಂಕಿಗೆ ಅರ್ಧ ಸಿಇಟಿ ಅಂಕ, ಅರ್ಧ ಬೋರ್ಡ್ ಪರೀಕ್ಷೆಯ ಅಂಕ. ನಡುವೆ ಬೋರ್ಡ್ ಬದಲಿಸಿದರೆ ಎರಡೂ ಕಡೆ ಪೆಟ್ಟು.

ಆದರೆ "ಊರು ಬಿಟ್ರ ಕರ್ನಾಟಕದ ಸೀಟೇ ಹೋಗ್ತದ" ಅಂತ ಹೆದರಿಸುವವರ ಮಾತು ಸುಳ್ಳು. ಒಂದನೇ ತರಗತಿಯಿಂದ ಪಿಯುಸಿವರೆಗಿನ ಓದಿನಲ್ಲಿ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಆಗಿರಬೇಕು, ಜೊತೆಗೆ ಎಸ್‌ಎಸ್‌ಎಲ್‌ಸಿ ಇಲ್ಲವೇ ದ್ವಿತೀಯ ಪಿಯುಸಿ ಇಲ್ಲೇ ಪಾಸಾಗಿರಬೇಕು. ಹತ್ತನೇ ತರಗತಿವರೆಗೆ ಇಲ್ಲೇ ಓದಿದವನಿಗೆ ಅದು ಆಗಲೇ ದಕ್ಕಿದೆ. ಸಂವಿಧಾನದ 371ಜೆ ವಿಧಿಯಲ್ಲಿ ನಮ್ಮ ಕಲ್ಯಾಣ ಕರ್ನಾಟಕದವರಿಗೆ ಸಿಗುವ ಮೀಸಲಾತಿಯ ಕಥೆಯೂ ಹಾಗೇ. ಈ ಭಾಗದ ಕಾಲೇಜುಗಳಲ್ಲಿ ಶೇ. 70, ಉಳಿದ ಕರ್ನಾಟಕದಲ್ಲಿ ಶೇ. 8 ಸೀಟು ನಮ್ಮವರಿಗೆ. ಇಲ್ಲೇ ಹುಟ್ಟಿದ ಹುಡುಗನಿಗೆ ಅಪ್ಪ-ಅಮ್ಮ ಪುಣೆಗೆ ಹೋದ ಮಾತ್ರಕ್ಕೆ ಅದು ತಪ್ಪುವುದಿಲ್ಲ. ತಪ್ಪುವುದು ಪ್ರಮಾಣಪತ್ರ ಮಾಡಿಸದೆ ಹೋದರೆ. ಅದನ್ನು ಕೊಡುವುದು ಸಹಾಯಕ ಆಯುಕ್ತರು. ಸಿಇಟಿ ಅರ್ಜಿ ತುಂಬುವಾಗ ಜಾತಿ-ಆದಾಯದ್ದರ ಜೊತೆ ಇದರ ಮೇಲೆ ಅಚ್ಚಾದ ಆರ್‌ಡಿ ಸಂಖ್ಯೆಯನ್ನೂ ಕೇಳುತ್ತಾರೆ. ಮೂರರಲ್ಲೂ ಹೆಸರು, ಇನಿಷಿಯಲ್, ತಂದೆಯ ಹೆಸರು ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಇದ್ದಂತೆಯೇ ಇರಬೇಕು. ಒಂದರಲ್ಲಿ "ಶರಣಪ್ಪ", ಇನ್ನೊಂದರಲ್ಲಿ "ಶರಣಬಸಪ್ಪ" ಅಂತಿದ್ದರೆ ತಿದ್ದಿಸಲು ಓಡಾಡುವುದು ಹದಿನೇಳರ ಹುಡುಗನ ಕೆಲಸವಲ್ಲ. ನೀವು ಊರಲ್ಲಿರುವಾಗಲೇ ಮುಗಿಸಿ.

ನೋಡಿ, ಜನ ಕೇಳಬೇಕಾದ ಪ್ರಶ್ನೆ ಇದೇ ಇತ್ತು: ಹೋಗುವ ಮುಂಚೆ ಅವರ ಕೈಗೆ ಏನೇನು ಕೊಟ್ಟು ಹೋದಿರಿ? ಯಾರೂ ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ. ವರ್ಗಾವಣೆಯ ಆರ್ಡರ್ ಕೈಯಲ್ಲಿ ಹಿಡಿದು ಕೂತವರು ಬೀದರಿನಲ್ಲೂ ಇದ್ದಾರೆ, ಯಾದಗಿರಿಯಲ್ಲೂ ಇದ್ದಾರೆ.

ಮೊದಲು ಕೊಡಬೇಕಾದದ್ದು ಫೋನ್ ನಂಬರಿನ ಒಡೆತನ. ಬೀಗದ ಕೈ ಎಲ್ಲರೂ ಕೊಡುತ್ತಾರೆ, ಇದನ್ನು ಮರೆಯುತ್ತಾರೆ. ನಮ್ಮ ಮನೆಗಳಲ್ಲಿ ಎಲ್ಲದಕ್ಕೂ ಅಪ್ಪನ ನಂಬರೇ ಸೇರಿರುತ್ತದೆ. ಗ್ಯಾಸ್ ಹುಡುಗ ಕಲಬುರಗಿಯ ಬಾಗಿಲಲ್ಲಿ ಸಿಲಿಂಡರ್ ಇಳಿಸಿ ಕೋಡ್ ಹೇಳಿ ಅಂತ ನಿಂತಿರುತ್ತಾನೆ, ಕೋಡ್ ಬಂದಿರುವುದು ಪುಣೆಯ ಮೀಟಿಂಗಿನಲ್ಲಿ ಸೈಲೆಂಟ್ ಮಾಡಿಟ್ಟ ಫೋನಿಗೆ. ಏಜೆನ್ಸಿಗೆ ಹೋಗಿ ಕನೆಕ್ಷನ್ನಿಗೆ ಮಗಳ ನಂಬರು ಹಾಕಿಸಿ. ಮಗನ ಆಧಾರಿಗೆ ಅವನದೇ ನಂಬರು ಸೇರಿಸಿ. ಡಿಜಿಲಾಕರ್ ತೆರೆಯಬೇಕಾದರೆ ಒಟಿಪಿ ಬರುವುದು ಆ ನಂಬರಿಗೇ. 15 ತುಂಬಿದ ಮೇಲೆ ಆಧಾರಿನಲ್ಲಿ ಬೆರಳಚ್ಚು, ಕಣ್ಣಿನ ಗುರುತು ಹೊಸದಾಗಿ ಕೊಡಬೇಕು. ಅದೂ ಬಾಕಿ ಇದ್ದರೆ ಅದೇ ದಿನ ಮುಗಿಸಿ. ವಿಳಾಸ ಮಾತ್ರ ಬದಲಿಸಬೇಡಿ, ಮಕ್ಕಳದು ಕಲಬುರಗಿಯದೇ ಇರಲಿ.

ದುಡ್ಡು. ಯುಪಿಐ ಸರ್ಕಲ್ ಅಂತ 2024ರಿಂದ ಒಂದು ಸೌಲಭ್ಯ ಇದೆ, ನಮ್ಮ ಖಾತೆಯಿಂದಲೇ ಮಕ್ಕಳು ಕೊಡಬಹುದು, ತಿಂಗಳಿಗೆ 15,000 ರೂಪಾಯಿ, ಒಂದು ಸಲಕ್ಕೆ 5,000 ಮಿತಿ. ನನಗೆ ಅದು ಸೇರುವುದಿಲ್ಲ. ಸೂಪರ್ ಮಾರ್ಕೆಟ್ ಕಡೆ ಮಿರ್ಚಿ ಭಜಿ ತಿಂದದ್ದೂ ನನ್ನ ಫೋನಿನಲ್ಲಿ ಟಣ್ ಅನ್ನುತ್ತದೆ. ಹತ್ತೊಂಬತ್ತರ ಹುಡುಗಿಯ ಖಾತೆಗೆ ಒಂದನೇ ತಾರೀಖು ಇಡೀ ತಿಂಗಳಿನದು ಹಾಕಿ ಕಣ್ಣು ಮುಚ್ಚಿಕೊಳ್ಳುವುದು ಒಳ್ಳೆಯದು. 25ಕ್ಕೆ ಮುಗಿದರೆ ಮುಗಿಯಲಿ, ಐದು ದಿನ ಬ್ಯಾಳಿ-ಅನ್ನ ತಿಂದರೆ ಯಾರೂ ಸಾಯುವುದಿಲ್ಲ.

ಇನ್ನು ನೀರು. ಇದರ ಮೇಲೆ ಉದ್ದಕ್ಕೆ ಬರೆಯುತ್ತೇನೆ, ಯಾಕೆಂದರೆ ಊರು ಬಿಟ್ಟ ತಂದೆ-ತಾಯಿಗೆ ರಾತ್ರಿ ಹನ್ನೊಂದಕ್ಕೆ ಬರುವ ಫೋನು ಪ್ರೇಮ ಪ್ರಕರಣದ್ದಲ್ಲ, ಮೋಟರಿನದು. ಕಲಬುರಗಿಯಲ್ಲಿ ನಳದ ನೀರು ದಿನಾ ಬರುವುದಿಲ್ಲ. ಬಂದ ದಿನ ಸಂಪು ತುಂಬಿಸಿ, ಅಲ್ಲಿಂದ ಮೇಲಿನ ಟ್ಯಾಂಕಿಗೆ ಏರಿಸಬೇಕು. ಅರ್ಧ ಎಚ್‌ಪಿ ಮೋಟರಿಗೆ ಸಾವಿರ ಲೀಟರಿನ ಟ್ಯಾಂಕು ತುಂಬಲು ಅರ್ಧ ತಾಸಿನಿಂದ ಮುಕ್ಕಾಲು ತಾಸು. ಫೋನಿನಲ್ಲಿ ಅಲಾರಾಂ ಇಡದೆ ಸ್ವಿಚ್ ಒತ್ತಬಾರದು ಅನ್ನುವುದೇ ಮನೆಯ ಮೊದಲ ಕಾನೂನಾಗಲಿ. ಸಂಪು ಖಾಲಿಯಾದ ಮೇಲೂ ಓಡಿದರೆ ಪಂಪಿನ ಒಳಗಿನ ಸೀಲ್ ಸುಡುತ್ತದೆ. ಅದನ್ನು ತಣ್ಣಗಿಡುವುದು ಹರಿಯುವ ನೀರೇ. ಮೋಟರ್ ಓಡುತ್ತಿದೆ, ನೀರು ಏರುತ್ತಿಲ್ಲ ಅಂದರೆ ಸಾಮಾನ್ಯವಾಗಿ ಸಂಪಿನೊಳಗಿನ ಪೈಪಿನ ತುದಿಯ ಫುಟ್‌ವಾಲ್ವಿನಲ್ಲಿ ಕಸ ಸಿಕ್ಕಿ ಪೈಪಿನ ನೀರು ಕೆಳಗಿಳಿದಿರುತ್ತದೆ. ಸ್ವಿಚ್ ಆರಿಸಿ, ಪಂಪಿನ ಮೇಲಿನ ಬಿರಡೆ ಬಿಚ್ಚಿ, ಗುಳ್ಳೆ ನಿಲ್ಲುವವರೆಗೆ ನೀರು ಸುರಿದು, ಬಿಗಿ ಮಾಡಿ ಮತ್ತೆ ಹಚ್ಚಬೇಕು. ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ ಅಂದರೆ ಕೆಪ್ಯಾಸಿಟರ್ ಹೋಗಿದೆ, ಇಲ್ಲವೇ ವೋಲ್ಟೇಜ್ ಬಿದ್ದಿದೆ. ಮೇ ತಿಂಗಳ ಸಂಜೆ ಎರಡನೆಯದೇ ಹೆಚ್ಚು. ತಕ್ಷಣ ಆರಿಸದಿದ್ದರೆ ಒಳಗಿನ ವೈಂಡಿಂಗ್ ಸುಟ್ಟು ಸಾವಿರಾರು ರೂಪಾಯಿ ಹೋಗುತ್ತದೆ. ಇದನ್ನು ಫೋನಿನಲ್ಲಿ ಹೇಳಿ ಕಲಿಸಲು ಆಗುವುದಿಲ್ಲ. ಹೋಗುವ ಮುಂಚೆ ಇಬ್ಬರಿಂದಲೂ ಬಿರಡೆ ಬಿಚ್ಚಿಸಿ, ನೀರು ಹಾಕಿಸಿ. ಮಗಳಿಂದಲೂ. "ಅದು ಗಂಡಸರ ಕೆಲಸ" ಅನ್ನುವ ಸೋದರಮಾವಂದಿರನ್ನು ಆ ಹೊತ್ತಿಗೆ ಚಹಾಕ್ಕೆ ಹೊರಗೆ ಕಳಿಸಿ.

ನೀರಿನ ನಂತರ ಕೂಲರ್. ಕಬ್ಬಿಣದ ಡಬ್ಬಿಯ ಕೂಲರಿಗೆ ನೀರು ಹಾಕುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತೇ ಹಾಕಬೇಕು. ಒಳಗಿನ ಪಂಪಿನ ವೈರ್ ನೆನೆದು, ಅರ್ಥಿಂಗ್ ಕೆಟ್ಟಿದ್ದರೆ ಇಡೀ ಡಬ್ಬಿಗೆ ಕರೆಂಟ್ ಬರುತ್ತದೆ. ಮೀಟರ್ ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್ಚು) ಇಲ್ಲದ ಮನೆಯಾದರೆ ಹೊಸ ಊರಿನ ಮನೆಗೆ ಪರದೆ ಕೊಳ್ಳುವ ಮುಂಚೆ ಇಲ್ಲಿ ಅದನ್ನು ಹಾಕಿಸಿ, ಅದರ ಟೆಸ್ಟ್ ಗುಂಡಿ ತಿಂಗಳಿಗೊಮ್ಮೆ ಒತ್ತಲು ಹೇಳಿ. ಬಿಲ್ಲಿನ ಲೆಕ್ಕವೂ ಮಕ್ಕಳಿಗೆ ಗೊತ್ತಿರಲಿ. 180 ವಾಟಿನ ಕೂಲರ್ ದಿನಕ್ಕೆ 15 ತಾಸು ಓಡಿದರೆ ತಿಂಗಳಿಗೆ 81 ಯುನಿಟ್. ಗೃಹಜ್ಯೋತಿಯಲ್ಲಿ 200 ಯುನಿಟ್ ದಾಟಿದರೆ ಇಡೀ ಬಿಲ್ಲು ನಮ್ಮದೇ. ಕೋಣೆಗೊಂದು ಕೂಲರ್ ಹಚ್ಚಿಕೊಂಡು ಇಬ್ಬರೂ ರೀಲ್ಸ್ ನೋಡಿದರೆ ಮೇ ತಿಂಗಳು ದಾಟಿಯೇ ದಾಟುತ್ತದೆ. ಕರೆಂಟಿನ (ಜೆಸ್ಕಾಂ) ದೂರಿಗೆ 1912, ಗ್ಯಾಸ್ ವಾಸನೆ ಬಂದರೆ 1906, ಆಂಬುಲೆನ್ಸಿಗೆ 108. ಫ್ರಿಜ್ಜಿನ ಬಾಗಿಲಿಗೆ ದೊಡ್ಡಕ್ಷರದಲ್ಲಿ ಅಂಟಿಸಿ, ಫೋನಿನಲ್ಲಿ ಸೇವ್ ಮಾಡಿದ್ದು ಗಾಬರಿಯಲ್ಲಿ ಸಿಗುವುದಿಲ್ಲ.

"ಊಟಕ್ಕ ಏನ್ ಮಾಡ್ತಾವ ಪಾಪ?" ಎಲ್ಲರಿಗೂ ಇದರ ಚಿಂತೆ, ಇದೇ ಎಲ್ಲಕ್ಕಿಂತ ಸುಲಭ. ಕಲಬುರಗಿಯಲ್ಲಿ ರೊಟ್ಟಿ ಬಡಿದು ಮಾರುವ ತಾಯಂದಿರು ಓಣಿಗೊಬ್ಬರು ಇದ್ದಾರೆ, ಖಡಕ್ ರೊಟ್ಟಿ ಡಬ್ಬಿಯಲ್ಲಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಶೇಂಗಾ ಹಿಂಡಿ, ಮೊಸರು, ಉಳ್ಳಾಗಡ್ಡಿ ಇದ್ದರೆ ಊಟ ಆಯಿತು. ಬ್ಯಾಳಿ ಬೇಯುತ್ತಿಲ್ಲ ಅಂತ ಫೋನ್ ಬಂದರೆ ಬೋರ್ ನೀರು ಹಾಕಿದ್ದಾರೆ ಅಂತಲೇ ತಿಳಿಯಿರಿ. ಗಡಸು ನೀರಿನ ಸುಣ್ಣದಂಶ ಬೇಳೆಯನ್ನು ಮೆತ್ತಗಾಗಲು ಬಿಡುವುದಿಲ್ಲ. ನಳದ ನೀರು, ಒಂದಕ್ಕೆ ಮೂರು, ಉಪ್ಪು ಆಮೇಲೆ.

ಆಸ್ಪತ್ರೆಯ ವಿಷಯದಲ್ಲಿ ಮಾತ್ರ ನನಗೂ ತಮಾಷೆ ಇಲ್ಲ. 18 ತುಂಬದವರಿಗೆ ಶಸ್ತ್ರಚಿಕಿತ್ಸೆ ಅಂದರೆ ಪಾಲಕರ ಸಹಿ ಕೇಳುತ್ತಾರೆ. ನಾವು ಬರುವವರೆಗೆ ಸೋದರತ್ತೆ ನಿರ್ಧಾರ ತೆಗೆದುಕೊಳ್ಳಬಹುದು ಅಂತ ಇಬ್ಬರೂ ಸಹಿ ಮಾಡಿದ ಪತ್ರ, ಮೂವರ ಆಧಾರ್ ಪ್ರತಿ, ಮಗನ ರಕ್ತದ ಗುಂಪು, ಯಾವ ಔಷಧ ಆಗಿಬರುವುದಿಲ್ಲ, ವಿಮೆಯ ಪಾಲಿಸಿ ನಂಬರು, ಇಷ್ಟು ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಅತ್ತೆಯ ಮನೆಯಲ್ಲಿರಲಿ. ಹೊಸ ಕಂಪನಿ ಕೊಡುವ ವಿಮೆಯ ಆಸ್ಪತ್ರೆ ಪಟ್ಟಿಯನ್ನು ಎಲ್ಲರೂ ಪುಣೆಯ ಮಟ್ಟಿಗೆ ನೋಡಿ ಖುಷಿಪಡುತ್ತಾರೆ. ಅದೇ ಪಟ್ಟಿಯಲ್ಲಿ ಕಲಬುರಗಿಯ ಯಾವ ಆಸ್ಪತ್ರೆ ಇದೆ ಅಂತ ನೋಡಿ. ಇಲ್ಲದಿದ್ದರೆ ದಾಖಲಾಗುವಾಗಲೇ ಕೈಯಿಂದ ಮುಂಗಡ ಕಟ್ಟಬೇಕು. ಆ ದುಡ್ಡು ಮಗಳ ಖಾತೆಯಲ್ಲಿ, ಮುಟ್ಟಬಾರದ್ದು ಅಂತ ಹೇಳಿ, ಬೇರೆಯೇ ಇರಲಿ.

ಇನ್ನು ಹಬ್ಬಕ್ಕೆ ಮಕ್ಕಳ ಹತ್ತಿರ ಬರುವುದು. ರೈಲಿಗೆ ಈಗ 60 ದಿನ ಮುಂಚೆ ಮಾತ್ರ ಬುಕಿಂಗ್. ದೀಪಾವಳಿಯದು ಆಗಸ್ಟ್-ಸೆಪ್ಟೆಂಬರಿನಲ್ಲೇ ಮಾಡಬೇಕು. ತತ್ಕಾಲ್ ಹಿಂದಿನ ದಿನ ಎಸಿಗೆ ಹತ್ತಕ್ಕೆ, ಸ್ಲೀಪರಿಗೆ ಹನ್ನೊಂದಕ್ಕೆ. ಸಿಗದಿದ್ದರೆ ಎರಡೂ ಕಡೆಯವರು ಸೊಲ್ಲಾಪುರಕ್ಕೆ ಬಂದರಾಯಿತು, ಕಲಬುರಗಿಯಿಂದ ನೂರು ಕಿಲೋಮೀಟರಿನ ಆಚೀಚೆ.

ಕೊನೆಗೆ ಸ್ಕೂಟರ್. ಹದಿನೇಳರ ಹುಡುಗ, ಮನೆಯಲ್ಲಿ ನಿಂತ 110 ಸಿಸಿ ಗಾಡಿ, ಊರಲ್ಲಿಲ್ಲದ ಅಪ್ಪ. 18 ತುಂಬದವನು ಓಡಿಸಿ ಸಿಕ್ಕರೆ 2019ರ ತಿದ್ದುಪಡಿಯ ಪ್ರಕಾರ ಪಾಲಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ ಒಂದು ವರ್ಷ ರದ್ದು, ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ನಾನು ಪುಣೆಯಲ್ಲಿದ್ದೆ, ನನಗೇನೂ ಗೊತ್ತಿರಲಿಲ್ಲ ಅನ್ನುವುದನ್ನು ಕೋರ್ಟಿನಲ್ಲಿ ನಾವೇ ಸಾಬೀತು ಮಾಡಬೇಕು. ಅದಕ್ಕೆ ಗಾಡಿಯ ಒಂದು ಕೀಲಿಕೈ ಮಗಳ ಹತ್ತಿರ, ಇನ್ನೊಂದು ಸೋದರತ್ತೆಯ ಹತ್ತಿರ. 18 ತುಂಬಿದ ಮೇಲೆ ಕಲಿಯುವವರ ಲೈಸೆನ್ಸ್ (ಎಲ್‌ಎಲ್), ಅದಾಗಿ 30 ದಿನ ಕಳೆದ ಮೇಲೆ ಪಕ್ಕಾ ಲೈಸೆನ್ಸಿನ (ಡಿಎಲ್) ಪರೀಕ್ಷೆ. ಅಲ್ಲಿಯವರೆಗೆ ಅವನು ಸೈಕಲ್ಲು, ಸಿಟಿ ಬಸ್ಸು. ಬೇಜಾರಾದರೆ ಅತ್ತೆಯನ್ನೇ ಕೇಳಲಿ. ಆಕೆ ನನಗೇ ಆ ಕೀಲಿಕೈ ಕೊಟ್ಟಿಲ್ಲ.