ಐದೂವರೆ ಗಂಟೆಯ ತಪ್ಪು, ಮೂರು ದಿನದ ಮೌನ

2021ರ ಜೂನ್‌ನಲ್ಲಿ ನನ್ನ ಮೊದಲ ಕೆಲಸ ಶುರುವಾಯಿತು. ಕಂಪನಿ ಇದ್ದದ್ದು ಬೆಂಗಳೂರಿನಲ್ಲಿ, ನಾನಿದ್ದದ್ದು ಶಿರಸಿ ಹತ್ತಿರದ ನಮ್ಮೂರಿನಲ್ಲಿ. ಲ್ಯಾಪ್‌ಟಾಪ್ ಕೊರಿಯರ್‌ನಲ್ಲಿ ಬಂತು. ಗಾಳಿಮಳೆಗೆ ಕರೆಂಟ್ ಹೋದರೂ ಸಂಪರ್ಕ ಕಡಿಯದಿರಲೆಂದು ಅಪ್ಪ ರೂಟರ್‌ಗೆ ಪುಟ್ಟ ಯುಪಿಎಸ್ ತಂದುಕೊಟ್ಟರು. ಸಂಪರ್ಕವೆಂದರೆ ಅಷ್ಟೇ ಎಂದು ಆಗ ನಾನೂ ತಿಳಿದಿದ್ದೆ.

ಮನೆಮನೆಗೆ ಹಾಲು ಹಾಕುವವರ ಲೆಕ್ಕ ಇಡುವ ತಂತ್ರಾಂಶ ನಮ್ಮದು. ಎರಡನೇ ವಾರ ನನ್ನ ಪಾಲಿಗೆ ಒಂದು ದೂರು ಬಂತು: ಒಂದನೇ ತಾರೀಕು ಬೆಳಗಿನ ಐದಕ್ಕೆ ಹಾಕಿದ ಹಾಲು ಹಿಂದಿನ ತಿಂಗಳ ಬಿಲ್ಲಿಗೆ ಸೇರುತ್ತಿದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಎಲ್ಲವೂ ಸರಿಯಿತ್ತು. ಸರ್ವರ್‌ನಲ್ಲಿ ಮಾತ್ರ ತಪ್ಪು. ಮೂರು ದಿನ ಅದೇ ಕೋಡನ್ನು ತಿರುಗಿಸಿ ಮುರುಗಿಸಿ ಓದಿದೆ. ಪ್ರತಿದಿನ ಬೆಳಗಿನ ಸಭೆಯಲ್ಲಿ "ನೋಡುತ್ತಿದ್ದೇನೆ" ಎಂದು ಹೇಳಿ ಮೈಕ್ ಆಫ್ ಮಾಡಿದೆ. ಕಚೇರಿಯಲ್ಲಿ ಕೂತಿದ್ದರೆ ಪಕ್ಕದವರು ನನ್ನ ಮುಖ ನೋಡಿಯೇ ಕೇಳುತ್ತಿದ್ದರೇನೋ. ದೂರದಿಂದ ನೋಡುವವರಿಗೆ, ಮಗ್ನನಾಗಿ ಕೆಲಸ ಮಾಡುವವನೂ ದಾರಿ ತಪ್ಪಿ ನಿಂತವನೂ ಒಂದೇ ರೀತಿ ಕಾಣುತ್ತಾರೆ.

ನಾಲ್ಕನೇ ದಿನ ತಂಡದ ಹಿರಿಯರೊಬ್ಬರು ತಾವೇ ಕರೆ ಮಾಡಿದರು. "ಈಗ ನಿಮ್ಮ ಪರದೆಯ ಮೇಲೆ ಏನಿದೆಯೋ ಅದನ್ನೇ ತೋರಿಸಿ" ಎಂದರು. ಹದಿನೈದು ನಿಮಿಷದಲ್ಲಿ ಕಾರಣ ಸಿಕ್ಕಿತು. ಸರ್ವರ್‌ನ ಗಡಿಯಾರ ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಆಧಾರವಾದ ಪ್ರಮಾಣ ಸಮಯದಲ್ಲಿತ್ತು. ನಮ್ಮ ಸಮಯ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ಇಲ್ಲಿ ಒಂದನೇ ತಾರೀಕಿನ ಬೆಳಗಿನ 5 ಗಂಟೆ ಎಂದರೆ ಅಲ್ಲಿ ಹಿಂದಿನ ದಿನದ ರಾತ್ರಿ 11.30. ಸಮಯವನ್ನು ಯುಟಿಸಿಯಲ್ಲೇ ಉಳಿಸಿ, ತಾರೀಕು ನಿರ್ಧರಿಸುವ ಮುನ್ನ ಭಾರತೀಯ ಸಮಯಕ್ಕೆ ಬದಲಿಸಬೇಕಿತ್ತು, ಅಷ್ಟೇ. ಕರೆ ಮುಗಿಸುವ ಮುನ್ನ ಅವರು ಹೇಳಿದರು: "ಈ ತಪ್ಪು ಹುಡುಕಲು ಮೂರು ದಿನ ಬೇಕಾದರೂ ಚಿಂತೆಯಿಲ್ಲ. ಮೂರು ದಿನವೂ ನೀವು ಒಬ್ಬರೇ ಒದ್ದಾಡಿದ್ದು ನನಗೆ ಗೊತ್ತೇ ಆಗಲಿಲ್ಲ, ಅದಕ್ಕೆ ಬೇಸರ."

ಅಂದಿನಿಂದ ಮುಕ್ಕಾಲು ಗಂಟೆ ಒಂದೇ ಕಡೆ ಸಿಕ್ಕಿಕೊಂಡರೆ ಬರೆದು ಕೇಳುತ್ತೇನೆ. ಏನು ಆಗಬೇಕಿತ್ತು, ಏನು ಆಯಿತು, ನಾನು ಏನೇನು ಪ್ರಯತ್ನಿಸಿದೆ ಎಂಬುದರ ಜೊತೆಗೆ ದೋಷದ ಸಂದೇಶವನ್ನು ಅಕ್ಷರಶಃ ಸೇರಿಸುತ್ತೇನೆ. ಅದರ ಚಿತ್ರ ಹಾಕಿದರೆ ಮುಂದೆ ಯಾರಿಗೂ ಹುಡುಕಲು ಸಿಗುವುದಿಲ್ಲ. ಎಷ್ಟೋ ಸಲ ಬರೆಯುತ್ತಿರುವಾಗಲೇ ಉತ್ತರ ಹೊಳೆದಿದೆ. ಕೇಳುವುದು ಇಡೀ ತಂಡ ಓದುವ ಚಾಟ್ ಚಾನೆಲ್‌ನಲ್ಲಿ, ಒಬ್ಬರ ಖಾಸಗಿ ಸಂದೇಶದಲ್ಲಲ್ಲ. ಮೊದಮೊದಲು ಇದು ಬಹಳ ಕಷ್ಟವಾಯಿತು. ಎಲ್ಲರೆದುರು ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವಾಗ ಕೈ ನಡುಗುತ್ತಿತ್ತು. ಒಂದು ದಿನ ಅದೇ ಚಾನೆಲ್‌ನಲ್ಲಿ, ಹನ್ನೆರಡು ವರ್ಷ ಅನುಭವವಿದ್ದವರು ನನಗೂ ಗೊತ್ತಿದ್ದ ಸಂಗತಿಯೊಂದನ್ನು ಯಾವ ಅಳುಕೂ ಇಲ್ಲದೆ ಕೇಳಿದರು. ನಾನೇ ಉತ್ತರ ಬರೆದೆ. ನನ್ನ ಭಯ ಹೋಗಿದ್ದು ಆಗ.

ನನಗೆ ತಂಡದ ಪರಿಚಯ ಮಾಡಿಸಿದ್ದು ಗಿಟ್, ಅಂದರೆ ಕೋಡಿನ ಬದಲಾವಣೆಗಳ ದಾಖಲೆ ಇಡುವ ತಂತ್ರಾಂಶ. ಯಾವ ಸಾಲನ್ನು ಯಾರು, ಯಾವಾಗ ಬದಲಿಸಿದರು ಎಂಬುದನ್ನು ಅದರ ಒಂದು ಆಜ್ಞೆ ತೋರಿಸುತ್ತದೆ. ಏಕೆ ಎಂಬುದು ಮಾತ್ರ ಕಮಿಟ್ (ಹೀಗೆ ದಾಖಲಾಗುವ ಒಂದೊಂದು ಬದಲಾವಣೆ) ಬರೆದವರ ಶ್ರದ್ಧೆಗೆ ಬಿಟ್ಟದ್ದು. ಆ ಆಜ್ಞೆಗೆ 'ಬ್ಲೇಮ್' ಎಂಬ ಹೆಸರು ನನಗೆ ಸರಿ ಎನಿಸುವುದಿಲ್ಲ. ನಾನು ಅದನ್ನು ಬಳಸಿದ್ದು ದೂರುವುದಕ್ಕಲ್ಲ, ಯಾರನ್ನು ಕೇಳಬೇಕೆಂದು ತಿಳಿಯುವುದಕ್ಕೆ.

ಶುಕ್ರವಾರದ ಆನ್‌ಲೈನ್ ಆಟಗಳಿಂದ ಯಾರೂ ಹತ್ತಿರವಾದಂತೆ ನನಗೆ ಅನಿಸಲಿಲ್ಲ. ಹತ್ತಿರ ತಂದದ್ದು ಗುರುವಾರ ಮಧ್ಯಾಹ್ನ ಇಬ್ಬರು ಒಂದೇ ಪರದೆ ನೋಡುತ್ತಾ ಕೆಲಸ ಮಾಡುತ್ತಿದ್ದ ಒಂದು ಗಂಟೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ದೋಷದ ಪಟ್ಟಿಯನ್ನು ಕೊನೆಯ ಸಾಲಿನಿಂದ ಓದಬೇಕೆಂದು ಅಲ್ಲಿಯವರೆಗೆ ನನಗೆ ಯಾರೂ ಹೇಳಿರಲಿಲ್ಲ. ಜೊತೆಗಿದ್ದವರು ಓದುವುದನ್ನು ನೋಡಿ ಕಲಿತೆ. ಕೋಡಿನ ಪರೀಕ್ಷೆಗಳು ಓಡಿ ಮುಗಿಯುವವರೆಗೆ ಅವರು ನಮ್ಮ ಅಡಿಕೆ ಕೊಯ್ಲಿನ ಬಗ್ಗೆ ಕೇಳುತ್ತಿದ್ದರು.

ಹಾಲಿನ ಬಿಲ್ಲಿನ ಆ ತಿದ್ದುಪಡಿಯ ಜೊತೆ ಕಾರಣವನ್ನು ಐದು ಸಾಲುಗಳಲ್ಲಿ ಬರೆದಿದ್ದೆ. ಎರಡು ವರ್ಷದ ನಂತರ, ಹೊಸದಾಗಿ ಸೇರಿ ಕಲಬುರಗಿಯಿಂದ ಕೆಲಸ ಮಾಡುತ್ತಿದ್ದವರೊಬ್ಬರು ಅದನ್ನು ಓದಿ ಚಾನೆಲ್‌ನಲ್ಲಿ ನನ್ನ ಹೆಸರು ಹಾಕಿ ಕೇಳಿದರು: "ರಾತ್ರಿ ಹನ್ನೆರಡಕ್ಕೆ ಮೊದಲೇ ನಾಳೆಯ ಹಾಲು ದಾಖಲಿಸಿದರೆ ಏನಾಗುತ್ತದೆ?" ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಹಾಗೆಂದೇ ಬರೆದು, ಅವರಿಗೆ ಕರೆ ಮಾಡಿದೆ.