ರಾಳದ ಅಂಟು

12 ಜುಲೈ 2025, ಶನಿವಾರ
ನೀರ್ಚಾಲು

ಮಧ್ಯಾಹ್ನ ಮಳೆ ಬಿಟ್ಟದ್ದೇ ಮಾವ ಅಡಿಕೆಗೆ ಎರಡನೇ ಸಲದ ಮದ್ದು ಬಿಡಿಸಲು ಹೊರಟರು. ನಾನು ಡ್ರಮ್ಮಿನ ಹತ್ತಿರ ಸುಮ್ನೆ ಕೂತಿದ್ದೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಮಾವ ಕತ್ತಿ ಅದ್ದಿ ತೆಗೆದರು. ಅಲಗಿನ ಮೇಲೆ ಕೆಂಪು ಕೂತಿತ್ತು. "ಸುಣ್ಣ ಸಾಲದು" ಅಂತ ಇನ್ನೊಂದು ಚೊಂಬು ಸುರಿದರು. ಕೊನೆಗೆ ರಾಳದ ಅಂಟು.

"ಇದಿಲ್ಲದಿದ್ರೆ ಮದ್ದೆಲ್ಲ ಮಳೆಗೆ ಹೋಗ್ತದೆ. ನಿಂದೆಂತ ಕತೆ ಮಾರಾಯ್ತಿ, ಆ ಅಂಟಿಸುವ ಕೆಲಸ?"

ಹೇಳಿದೆ. ಡಿಎನ್‌ಎ ಅಂದ್ರೆ ದಾರ ಅಂತಲೇ ಇಟ್ಟುಕೊಳ್ಳಿ. ಒಂದು ವೈರಸ್ಸಿನ ಉದ್ದ ದಾರ, 7000 ಚಿಲ್ಲರೆ ಅಕ್ಷರದ್ದು. ಇನ್ನೂರಕ್ಕೂ ಜಾಸ್ತಿ ಪುಟ್ಟ ತುಂಡುಗಳು ಅದನ್ನು ಅಲ್ಲಲ್ಲಿ ಹಿಡಿದು ಮಡಚುತ್ತವೆ. ಬಿಸಿ ಮಾಡಿ ನಿಧಾನ ಆರಿಸಿದರೆ ತಾನಾಗಿ ಆಕಾರ ಬರುತ್ತದೆ. 2006ರಲ್ಲಿ ರೋಥೆಮಂಡ್ ಅನ್ನುವ ವಿಜ್ಞಾನಿ ಹೀಗೆ ನಗುಮುಖವನ್ನೇ ಮಾಡಿ ತೋರಿಸಿದರು. ನನ್ನದು ಪೆಟ್ಟಿಗೆ. ಅದೇನೋ ಆಗುತ್ತದೆ. ಜೀವ ಇರುವ ಕೋಶದ ಮೈಗೆ ಹಚ್ಚುವುದೇ ತಲೆನೋವು. ಎರಡರ ಮೈಯಲ್ಲೂ ನೆಗೆಟಿವ್ ಚಾರ್ಜ್, ಒಂದನ್ನೊಂದು ದೂಡುತ್ತವೆ. ಅದಕ್ಕೇ ಪೆಟ್ಟಿಗೆಗೆ ಕೊಲೆಸ್ಟೆರಾಲಿನ ಬಾಲ ಕಟ್ಟುವುದು. ಕೋಶದ ಪೊರೆ ಕೊಬ್ಬಿನದ್ದಲ್ವಾ, ಬಾಲ ಅದರೊಳಗೆ ತೂರಿ ಕೂರುತ್ತದೆ.

"ಅಂದ್ರೆ ರಾಳ."

ಹೌದು, ರಾಳ. ಆದರೆ ಬಾಲ ಜಾಸ್ತಿಯಾದರೆ ಪೆಟ್ಟಿಗೆಗಳೇ ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಮೆಗ್ನೀಷಿಯಂ ಕಡಿಮೆಯಾದರೆ ಮಡಿಕೆ ಬಿಚ್ಚುತ್ತದೆ. ಸೀರಮ್ಮಿನ, ಅಂದ್ರೆ ರಕ್ತದ ತಿಳಿಯ, ಕಿಣ್ವಗಳು ದಾರವನ್ನೇ ಕತ್ತರಿಸುತ್ತವೆ. ಇಷ್ಟೆಲ್ಲ ದಾಟಿ ಅಂಟಿದ್ದನ್ನು ಕೋಶವೇ ನುಂಗಿಬಿಡುತ್ತದೆ! ಕಳೆದ ವಾರ ಮೈಕ್ರೋಸ್ಕೋಪಿನಲ್ಲಿ ಕೋಶದ ಸುತ್ತ ಪೆಟ್ಟಿಗೆಗಳು ಹಸಿರು ಉಂಗುರವಾಗಿ ಹೊಳೆಯುವುದು ಕಂಡು ಕುಣಿದಿದ್ದೆ. ಊಟ ಮಾಡಿ ಬಂದು ನೋಡಿದರೆ ಉಂಗುರ ಇಲ್ಲ, ಒಳಗೆಲ್ಲ ಹಸಿರು ಚುಕ್ಕೆ. ಅವತ್ತು ಬಸ್ಸಿನಲ್ಲಿ ಅತ್ತಿದ್ದನ್ನು ಮಾವನಿಗೆ ಹೇಳಲಿಲ್ಲ.

"ಎಷ್ಟು ಹೊತ್ತು ಇದ್ರೆ ಸಾಕು ನಿಂಗೆ?"

ಬಾಯಿ ಕಟ್ಟಿತು. ಮಾವನ ಹತ್ತಿರ ಲೆಕ್ಕ ಉಂಟು: 40 ದಿನ, ಆಮೇಲೆ ಮತ್ತೆ ಮದ್ದು. ನಾನು ಮಾತ್ರ ಮೂರು ವರ್ಷದಿಂದ ಹೋಗದ ಹಾಗೆ ಅಂಟಿಸಲು ಒದ್ದಾಡುತ್ತಿದ್ದೇನೆ. ನನಗೆ ಬೇಕಾದದ್ದು ಎರಡು ಕೋಶ ಪಕ್ಕಪಕ್ಕ ಬರುವುದು, ಅಷ್ಟೇ. ಅವು ತಾವೇ ಕೈ ಹಿಡಿದುಕೊಂಡ ಮೇಲೆ ಪೆಟ್ಟಿಗೆ ಇದ್ದರೇನು, ಹೋದರೇನು?

ಮಳೆ ಮತ್ತೆ ಬಂತು. ಆರು ಮರ ಬಾಕಿ. ಮಾವ ಆಕಾಶಕ್ಕೆ ಬೈಯುತ್ತಾ ಜಗಲಿ ಹತ್ತಿದರು, ಅಂಗಿ ತುಂಬ ನೀಲಿ ಕಲೆ. ಅತ್ತೆ ಅವರಿಗೆ ಬೈದರು.

ಸೋಮವಾರ ಹೋದದ್ದೇ ಹತ್ತತ್ತು ನಿಮಿಷಕ್ಕೊಂದು ಚಿತ್ರ ತೆಗೆಯಬೇಕು. ಉಂಗುರ ಅರ್ಧ ಗಂಟೆ ನಿಂತರೂ, ಆ ಅರ್ಧ ಗಂಟೆಯಲ್ಲಿ ಪಕ್ಕದ ಕೋಶ... ಕರೆಂಟ್ ಹೋಯಿತು.