ವಿಜಯಪುರದ ಬಿಸಿಲು, ನೈಟ್ರಸ್ ಬಾಟಲಿ ಮತ್ತು 36.4 ಡಿಗ್ರಿ

ಮೊದಲ ಪೀಳಿಗೆಯ ಸ್ವಿಫ್ಟ್ 1.3ಕ್ಕೆ ಕೂರಿಸಿದ ವೆಟ್ ಕಿಟ್, ಅಂದರೆ ನೈಟ್ರಸ್ ಆಕ್ಸೈಡ್ ಅನಿಲದ ಜೊತೆ ಹೆಚ್ಚುವರಿ ಪೆಟ್ರೋಲನ್ನೂ ಉಣಿಸಿ ಎಂಜಿನ್ನಿನ ಶಕ್ತಿ ಹೆಚ್ಚಿಸುವ ವ್ಯವಸ್ಥೆ, ಕೊನೆಗೂ ಹಿಡಿತಕ್ಕೆ ಬಂದಿದೆ. ನಾಝಲ್ ಎಲ್ಲಿ ಕೊರೆಯಬೇಕು, ಸೊಲೆನಾಯ್ಡ್‌ಗಳಿಗೆ ರಿಲೇ ಹೇಗೆ ಕಟ್ಟಬೇಕು ಎಂಬುದನ್ನು ಈ ಹವ್ಯಾಸದವರು ಬಲ್ಲರಾದ್ದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ. ಎಂಜಿನ್ ಕಂಪನಿಯಿಂದ ಬಂದಂತೆಯೇ ಇದೆ: 1298 ಸಿಸಿ, 87 ಅಶ್ವಶಕ್ತಿ, ಪಿಸ್ಟನ್, ಕನೆಕ್ಟಿಂಗ್ ರಾಡ್ ಯಾವುದನ್ನೂ ಮುಟ್ಟಿಲ್ಲ. ಆ ಕಾರಣಕ್ಕೇ 25 ಅಶ್ವಶಕ್ತಿ ಹೆಚ್ಚಿಸುವ ಜೆಟ್ (ಹರಿವಿನ ಪ್ರಮಾಣ ನಿರ್ಧರಿಸುವ ಸಣ್ಣ ತೂತಿನ ಬಿಡಿಭಾಗ) ದಾಟಿ ಮೇಲೆ ಹೋಗುವುದಿಲ್ಲವೆಂದು ಮೊದಲೇ ನಿರ್ಧರಿಸಿದ್ದೆ. ಒಂದು ಹಂತ ತಣ್ಣಗಿನ ಸ್ಪಾರ್ಕ್ ಪ್ಲಗ್, ತುಸು ಹಿಂದಕ್ಕೆ ಸರಿಸಿದ ಟೈಮಿಂಗ್ (ಕಿಡಿ ಹಾರುವ ಸಮಯ), ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಮಾತ್ರ ಸೇರುವ ಸ್ವಿಚ್, 3200ರಿಂದ 5800 ಆರ್‌ಪಿಎಂ ನಡುವೆ ಮಾತ್ರ ಅನಿಲ ಬಿಡುವ ವಿಂಡೋ ಸ್ವಿಚ್, ಇಂಧನದ ಒತ್ತಡ ಇಳಿದರೆ ಎಲ್ಲವನ್ನೂ ಕಡಿಯುವ ಸ್ವಿಚ್ ಇವೆಲ್ಲ ಇವೆ. ವಿಂಡೋ ಸ್ವಿಚ್ ಇಲ್ಲದೆ ಯಾರೂ ಬಾಟಲಿ ತೆರೆಯಬಾರದು. ಜೆಟ್‌ನಿಂದ ಸೆಕೆಂಡಿಗೆ ಬರುವ ಅನಿಲದ ಪ್ರಮಾಣ ಬದಲಾಗುವುದಿಲ್ಲ. ಎಂಜಿನ್ ನಿಧಾನವಾಗಿ ತಿರುಗುವಾಗ ಅದೇ ಪ್ರಮಾಣ ಕಡಿಮೆ ಸುತ್ತುಗಳಿಗೆ ಹಂಚಿಕೆಯಾಗುವುದರಿಂದ ಒಂದೊಂದು ಹೊಡೆತದ ಒತ್ತಡ ವಿಪರೀತವಾಗಿ ಏರಿ ರಾಡ್ ಬಾಗುತ್ತದೆ.

ನನ್ನನ್ನು ಬೇಸಿಗೆಯುದ್ದಕ್ಕೂ ಕಾಡಿದ್ದು ಇವು ಯಾವುವೂ ಅಲ್ಲ, ಡಿಕ್ಕಿಯಲ್ಲಿ ಮಲಗಿದ್ದ ಬಾಟಲಿ. ಪರಿಚಿತರ ಖಾಸಗಿ ಜಮೀನಿನಲ್ಲಿ ಎರಡೂ ಕಡೆ ಗೇಟ್ ಹಾಕಬಹುದಾದ ಕಾಂಕ್ರೀಟ್ ದಾರಿಯ ಮೇಲೆ ಪರೀಕ್ಷೆ ನಡೆಯುತ್ತಿತ್ತು. ಬಾಟಲಿ ತುಂಬಿದ್ದಾಗಿನ ಮೊದಲ ಓಟದಲ್ಲಿ, ಒಂದು ಪಾಲು ಪೆಟ್ರೋಲಿಗೆ ಎಷ್ಟು ಪಾಲು ಗಾಳಿ ಎಂದು ತೋರಿಸುವ ವೈಡ್‌ಬ್ಯಾಂಡ್ ಮೀಟರ್ 11.8ರ ಬದಲು 13ನ್ನೂ ದಾಟಿ ಲೀನ್ (ಪೆಟ್ರೋಲ್ ಕಡಿಮೆ) ಕಡೆಗೆ ಓಡುತ್ತಿತ್ತು, ಕಂಟ್ರೋಲರ್ ತಕ್ಷಣ ಅನಿಲ ಕಡಿಯುತ್ತಿತ್ತು. ಜೆಟ್ ಬದಲಿಸದೆ, ಇಂಧನದ ಒತ್ತಡ ಮುಟ್ಟದೆ ಇನ್ನೂ ಕೆಲವು ಓಟ ಓಡಿಸಿದರೆ ಅದೇ ಮುಳ್ಳು 11ಕ್ಕಿಂತ ಕೆಳಗಿಳಿದು, ಸೈಲೆನ್ಸರ್‌ನಿಂದ ಕಪ್ಪು ಹೊಗೆ ಬರುತ್ತಿತ್ತು. ಪ್ಲಗ್ ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿದಾಗ ಮೂರನೆಯ ಸಿಲಿಂಡರಿನ ಪಿಂಗಾಣಿಯ ಮೇಲೆ ಸಣ್ಣ ಕಪ್ಪು ಚುಕ್ಕೆಗಳು ಕಂಡವು. ಅವುಗಳ ಜೊತೆ ಬೆಳ್ಳಿ ಬಣ್ಣದ ಕಣಗಳೂ ಇದ್ದಿದ್ದರೆ ಪಿಸ್ಟನ್ನಿನ ಅಲ್ಯೂಮಿನಿಯಂ ಕರಗಲು ಆರಂಭವಾಗಿದೆ ಎಂದೇ ಅರ್ಥ. ಅದೃಷ್ಟಕ್ಕೆ ಅಲ್ಲಿಯವರೆಗೆ ಹೋಗಿರಲಿಲ್ಲ. ಅಂದೇ ಬಾಟಲಿಯ ವಾಲ್ವ್ ಮುಚ್ಚಿ, ಕಾರಣ ಸಿಗುವವರೆಗೆ ತೆರೆಯುವುದಿಲ್ಲವೆಂದು ನಿಶ್ಚಯಿಸಿದೆ.

ಕಾರಣ ಇರುವುದು ನಮ್ಮ ಹವೆಯಲ್ಲಿ. ನೈಟ್ರಸ್ ಆಕ್ಸೈಡ್ ಬಾಟಲಿಯಲ್ಲಿ ದ್ರವವಾಗಿ ನಿಂತಿರುತ್ತದೆ, ಅದರ ಒತ್ತಡವನ್ನು ನಿರ್ಧರಿಸುವುದು ಉಷ್ಣತೆ. 20 ಡಿಗ್ರಿಯಲ್ಲಿ ಸುಮಾರು 51 ಬಾರ್, 30ರಲ್ಲಿ ಸುಮಾರು 63 ಬಾರ್. ಕಿಟ್‌ಗಳ ಜೆಟ್ ಲೆಕ್ಕವೆಲ್ಲ 62ರಿಂದ 66 ಬಾರ್ ನಡುವಿನದು. ಆದರೆ 36.4 ಡಿಗ್ರಿ ಈ ವಸ್ತುವಿನ ನಿರ್ಣಾಯಕ ಉಷ್ಣತೆ. ಅದನ್ನು ದಾಟಿದ ಮೇಲೆ ಎಷ್ಟೇ ಒತ್ತಿದರೂ ಅದು ದ್ರವವಾಗಿ ಉಳಿಯುವುದಿಲ್ಲ. ದ್ರವ ಇರುವವರೆಗೆ ಅರ್ಧ ಖಾಲಿಯಾದ ಬಾಟಲಿಯೂ ಹೆಚ್ಚುಕಡಿಮೆ ಅದೇ ಒತ್ತಡ ಕೊಡುತ್ತದೆ. ದ್ರವ ಮಾಯವಾದ ಬಳಿಕ ಪ್ರತಿ ಓಟಕ್ಕೂ ಒತ್ತಡ ಮತ್ತು ಸಾಂದ್ರತೆ ಎರಡೂ ಕುಸಿಯುತ್ತ ಹೋಗುತ್ತವೆ. ತುಂಬಿದ ಬಾಟಲಿಯಲ್ಲಿ ಅತಿ ಒತ್ತಡದಿಂದ ಆಮ್ಲಜನಕ ಹೆಚ್ಚಾಗಿ ಲೀನ್, ಅರ್ಧ ಬಾಟಲಿಯಲ್ಲಿ ಸಾಂದ್ರತೆ ಕುಸಿದು ರಿಚ್ (ಪೆಟ್ರೋಲ್ ಹೆಚ್ಚು). ಪೆಟ್ರೋಲ್ ಮಾತ್ರ ತನ್ನ ಸ್ಥಿರ ಒತ್ತಡದಲ್ಲಿ ಒಂದೇ ಸಮನೆ ಬರುತ್ತಿರುತ್ತದೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ನೆರಳಿನಲ್ಲೇ 40 ಡಿಗ್ರಿ ದಾಟುತ್ತದೆ, ಮುಚ್ಚಿದ ಡಿಕ್ಕಿಯ ಮಾತು ಹೇಳುವುದೇ ಬೇಡ. ಕಿಟ್ ಜೊತೆ ಬಂದ ಪುಸ್ತಕದಲ್ಲಿ ಬಾಟಲಿಯನ್ನು ಬೆಚ್ಚಗಿಡುವ ಹೀಟರ್ ಬಗ್ಗೆ ಪುಟಗಟ್ಟಲೆ ಇದೆ, ತಣ್ಣಗಿಡುವುದರ ಬಗ್ಗೆ ಒಂದು ಸಾಲೂ ಇಲ್ಲ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಎತ್ತರದಲ್ಲಿ ಹಾರುವ ವಿಮಾನಗಳ ಎಂಜಿನ್ನಿಗೆ ಇದೇ ಅನಿಲವನ್ನು ಜಿಎಂ-1 ಎಂಬ ಹೆಸರಿನಲ್ಲಿ ಉಣಿಸಿದಾಗ, ಒತ್ತಡದ ಬಾಟಲಿಗಳನ್ನು ಬಿಟ್ಟು ಶೈತ್ಯೀಕರಿಸಿದ ದ್ರವವನ್ನು ಶಾಖನಿರೋಧಕ ಟ್ಯಾಂಕಿನಲ್ಲಿ ಒಯ್ಯುವ ದಾರಿ ಹಿಡಿದಿದ್ದರು.

ಬಾಟಲಿ ತುಂಬಿಕೊಡುವವರ ಬಗ್ಗೆಯೂ ಹೇಳಲೇಬೇಕು. ನಾನು ಹೋದ ವ್ಯಾಪಾರಿ ಗೇಜ್ ತೋರಿಸಿ 'ಫುಲ್ ಐತ್ರಿ' ಎಂದು ಕೈ ತೊಳೆದುಕೊಂಡರು. ಈ ಅನಿಲದಲ್ಲಿ ಗೇಜ್ ಹೇಳುವುದು ಉಷ್ಣತೆಯನ್ನು, ಎಷ್ಟಿದೆ ಎಂಬುದನ್ನಲ್ಲ. ಅಡುಗೆ ಅನಿಲದ ಸಿಲಿಂಡರಿನಂತೆ ಇದನ್ನೂ ತೂಗಿಯೇ ತಿಳಿಯಬೇಕು. ಬಾಟಲಿಗೆ ಹಿಡಿಸುವ ನೀರಿನ ತೂಕಕ್ಕೆ ಹೋಲಿಸಿದ ತುಂಬುವ ಪ್ರಮಾಣ ತಂಪು ದೇಶಗಳಲ್ಲಿ 0.75, ಉಷ್ಣ ದೇಶಗಳಲ್ಲಿ 0.67. ಈ ವ್ಯತ್ಯಾಸ ಇರುವುದೇ ನಮ್ಮಂಥ ಊರುಗಳಿಗಾಗಿ. ಅತಿಯಾಗಿ ತುಂಬಿದ ಬಾಟಲಿ ಬಿಸಿಯಾದರೆ ಸುರಕ್ಷತಾ ಡಿಸ್ಕ್ ಹರಿದು ಇಡೀ ಅನಿಲ ಕಾರಿನೊಳಗೇ ನುಗ್ಗಬಹುದು. ಅದಕ್ಕಾಗಿ ಡಿಸ್ಕಿನ ಬಾಯಿಗೆ ಕೊಳವೆ ಜೋಡಿಸಿ ಕಾರಿನ ತಳದಿಂದ ಹೊರಗೆ ಬಿಟ್ಟಿದ್ದೇನೆ. ಈಗ ತಕ್ಕಡಿ ಇಟ್ಟುಕೊಂಡಿರುವ ಬೇರೊಬ್ಬರಲ್ಲಿ ತುಂಬಿಸುತ್ತೇನೆ, ಖಾಲಿ ಬಾಟಲಿಯ ತೂಕವನ್ನು ಅದರ ಮೈಮೇಲೆಯೇ ಬರೆದಿಟ್ಟಿದ್ದೇನೆ.

ಪರಿಹಾರ ತಯಾರಾದದ್ದು ಬೆಳಗಾವಿಯ ಉದ್ಯಮಬಾಗದ ಒಂದು ಲೇತ್ ಅಂಗಡಿಯಲ್ಲಿ. ಬಾಟಲಿಯ ಸುತ್ತ ಕೊಳವೆಯ ಸುರುಳಿ, ಅದರೊಳಗೆ ಐಸ್ ನೀರು, ಹೊರಗೆ ಫೋಮ್ ಮತ್ತು ಅಲ್ಯೂಮಿನಿಯಂ ಹಾಳೆಯ ಹೊದಿಕೆ ಎಂಬ ನನ್ನ ನಕ್ಷೆ ನೋಡಿದ ಅಲ್ಲಿನ ಹಿರಿಯ ಮಿಸ್ತ್ರಿ, "ಏನ್ರೀ ಸರ್, ಡಿಕ್ಕ್ಯಾಗ ಕುಲ್ಫಿ ಅಂಗಡಿ ಇಡಾಕತ್ತೀರೇನು?" ಎಂದು ಅಂಗಡಿಯವರನ್ನೆಲ್ಲ ನಗಿಸಿದರು. ಅವರು ಸೂಚಿಸಿದ್ದು ತಾಮ್ರದ ಕೊಳವೆ. ಆದರೆ ಬಾಟಲಿ ಅಲ್ಯೂಮಿನಿಯಂನದು. ತಣ್ಣನೆಯ ಮೈಮೇಲೆ ನೀರು ಬೆವರಿದಾಗ ಅದಕ್ಕೆ ತಾಮ್ರ ತಾಗಿದ್ದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ, ಒತ್ತಡ ಹೊರುವ ಗೋಡೆ ತೆಳುವಾಗಲು ಬಿಡುವಂತಿಲ್ಲ. ಹೀಗಾಗಿ ಮೃದುವಾದ ಅಲ್ಯೂಮಿನಿಯಂ ಕೊಳವೆಯನ್ನೇ ತಂದೆವು. ಅದನ್ನು ಸುತ್ತಿದ ರೀತಿಯಲ್ಲಿ ಮಿಸ್ತ್ರಿಯವರ ಕೈಚಳಕ ಕಂಡಿತು. ಕೊಳವೆ ಮುರುಕಲು ಬೀಳದಂತೆ ಅದಕ್ಕೆ ಒಣಗಿದ ಸಣ್ಣ ಮರಳು ತುಂಬಿ, ಎರಡೂ ತುದಿಗೆ ಕಟ್ಟಿಗೆಯ ಬೆಣೆ ಹೊಡೆದು, ಬಾಟಲಿಗಿಂತ ಸ್ವಲ್ಪ ಸಪೂರವಾದ ಪೈಪಿನ ಮೇಲೆ ನಿಧಾನವಾಗಿ ಸುತ್ತಿದರು. ಬಿಟ್ಟಾಗ ತುಸು ಬಿಚ್ಚಿಕೊಂಡ ಸುರುಳಿ ಬಾಟಲಿಯ ಮೈಗೆ ಸಂದಿಲ್ಲದೆ ಬಿಗಿಯಾಗಿ ಕೂತಿತು. ಬಾಟಲಿಗೆ ಬೆಸುಗೆಯಾಗಲಿ ತೂತಾಗಲಿ ತಾಗಿಲ್ಲ, ಡಿಸ್ಕಿನ ಬಾಯಿ ಹೊದಿಕೆಯಿಂದ ಹೊರಗೇ ಇದೆ. ನೀರನ್ನು ತಿರುಗಿಸುವುದು ಗಾಜು ತೊಳೆಯುವ ವಾಷರ್ ಪಂಪ್, ಅದನ್ನು ನಡೆಸುವುದು 30 ಡಿಗ್ರಿಗೆ ಕಟ್ಟಿದ ಥರ್ಮೋಸ್ಟಾಟ್.

ಇದರ ಜೊತೆ ಸೇರಿಸಿದ ಒತ್ತಡದ ಸೆನ್ಸರ್ ಸುರಕ್ಷತೆಯ ದೃಷ್ಟಿಯಿಂದ ಸುರುಳಿಗಿಂತಲೂ ದೊಡ್ಡದು ಎಂಬುದು ನನ್ನ ಖಚಿತ ಅಭಿಪ್ರಾಯ. ಬಾಟಲಿಯ ಒತ್ತಡ 60ರಿಂದ 67 ಬಾರ್ ನಡುವೆ ಇಲ್ಲದಿದ್ದರೆ ಇಡೀ ವ್ಯವಸ್ಥೆಗೆ ವಿದ್ಯುತ್ತೇ ಹೋಗುವುದಿಲ್ಲ. ಚಾಲಕನ ಆತುರಕ್ಕೆ ಅಲ್ಲಿ ಜಾಗವಿಲ್ಲ. ಮೊದಲು ಕಳಿಸಿದ್ದ ಸೆನ್ಸರ್ ಯಾವ ಒತ್ತಡಕ್ಕೂ ಒಂದೇ ವೋಲ್ಟೇಜ್ ಕೊಡುತ್ತಿತ್ತು. ಮಾರಿದವರು ಫೋನ್ ಎತ್ತುವುದನ್ನೇ ನಿಲ್ಲಿಸಿದ್ದರಿಂದ ಬೇರೆ ಕೊಳ್ಳಬೇಕಾಯಿತು.

ಈಗಿನ ಓಟಗಳಲ್ಲಿ ಹೊರಗೆ 41 ಡಿಗ್ರಿ ಇದ್ದರೂ ಬಾಟಲಿ 63 ಬಾರ್ ಆಸುಪಾಸಿನಲ್ಲೇ ನಿಲ್ಲುತ್ತದೆ, ಮೀಟರಿನ ಮುಳ್ಳು 11.7 ಮತ್ತು 11.9ರ ನಡುವೆ ಆಡುತ್ತದೆ. ಬಾಟಲಿ ಅರ್ಧ ಮುಗಿದಾಗಲೂ ಹಾಗೆಯೇ. ಪ್ಲಗ್‌ಗಳ ಪಿಂಗಾಣಿ ಸ್ವಚ್ಛವಾಗಿದೆ, ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಮೊದಲಿನಷ್ಟೇ ಇದೆ. ಎಂಜಿನ್ 3200 ದಾಟುತ್ತಲೇ ಕಾರು ಹಿಂದಿನಿಂದ ಯಾರೋ ದಬ್ಬಿದಂತೆ ಮುಂದೆ ನುಗ್ಗುವುದು ಬಹಳ ಸಂತೋಷ ಕೊಡುತ್ತದೆ. ಸಾರ್ವಜನಿಕ ರಸ್ತೆಗೆ ಇಳಿಯುವ ಮೊದಲು ಕಿಟ್ ಪೂರ್ತಿ ಬಿಚ್ಚುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇಂಥ ಮಾರ್ಪಾಡನ್ನು ಒಪ್ಪುವುದಿಲ್ಲ, ಒಪ್ಪಬಾರದು ಎಂಬುದೇ ನನ್ನ ಮಾತೂ ಹೌದು.

ಇದೇ ಪಂಪ್ ಮತ್ತು ಥರ್ಮೋಸ್ಟಾಟ್ ಕೈಯಲ್ಲಿರುವಾಗ ಮನೆಯ ಹಳೆಯ ಮಾರುತಿ ಜಿಪ್ಸಿಗೆ ನೀರಿನ ಇಂಜೆಕ್ಷನ್ (ಎಂಜಿನ್ನಿಗೆ ಹೋಗುವ ಗಾಳಿಗೆ ನೀರು ಸಿಂಪಡಿಸುವುದು) ಹಾಕುವ ಆಸೆ ಚಿಗುರಿದೆ. ಒಂದು ಕಿಲೋ ನೀರು ಆವಿಯಾಗಲು ಸುಮಾರು 2257 ಕಿಲೋಜೂಲ್ ಶಾಖ ಹೀರುವುದರಿಂದ ಬೇಸಿಗೆಯ ನಾಕಿಂಗ್ (ಸಿಲಿಂಡರಿನೊಳಗೆ ಇಂಧನ ತಾನಾಗಿ ಸಿಡಿಯುವುದು) ತಡೆಯಲು ಅಷ್ಟು ಅಗ್ಗದ ಮದ್ದು ಬೇರೆ ಇರಲಾರದು. ಅದಕ್ಕೆ ಬೇಕಾದ ಸಣ್ಣ ನಾಝಲ್‌ಗಳನ್ನು ತೋಟದ ಔಷಧಿ ಪಂಪಿನವರಲ್ಲಿ ನೋಡಿಟ್ಟಿದ್ದೇನೆ.

ಅದಕ್ಕೂ ಮೊದಲು ಚಳಿಗಾಲದ ಕೆಲಸ ಬಾಕಿ ಇದೆ. ಡಿಸೆಂಬರಿನ ಬೆಳಗ್ಗೆ 15 ಡಿಗ್ರಿಯಲ್ಲಿ ಬಾಟಲಿಯ ಒತ್ತಡ 45 ಬಾರಿಗೆ ಇಳಿದು, ಸೆನ್ಸರ್ ವ್ಯವಸ್ಥೆಯನ್ನು ತೆರೆಯಲು ಬಿಡುವುದಿಲ್ಲ. ಬಾಟಲಿಗೆ ಬೆಂಕಿಯಾಗಲಿ ಬಿಸಿಗಾಳಿಯ ಗನ್ನಾಗಲಿ ತೋರಿಸುವ ಮಾತೇ ಇಲ್ಲವಾದ್ದರಿಂದ, ಅದೇ ಸುರುಳಿಯಲ್ಲಿ ಉಗುರುಬೆಚ್ಚನೆಯ ನೀರು ತಿರುಗಿಸಬೇಕು. ವಾಷರ್ ಪಂಪಿನ ಸೀಲ್ ಅದನ್ನು ತಾಳುತ್ತದೆಯೇ ಎಂಬುದನ್ನು ಬಕೆಟ್ಟಿನಲ್ಲಿ ಪರೀಕ್ಷಿಸಿ ಮುಂದಿನ ಬರಹದಲ್ಲಿ ತಿಳಿಸುತ್ತೇನೆ.